ಕೂಸಪ್ಪನ ಉಪ್ಪುನೀರು

ಗೋಣಿಕೊಪ್ಪಲಿನ ಬೈಪಾಸ್ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ ಕೂಸಪ್ಪನನ್ನು ಸುತ್ತಲಿನ ತೋಟದವರೆಲ್ಲ ಬಲ್ಲರು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲಿ ಪಂಪು ಸುಟ್ಟುಹೋಯಿತೆಂದರೆ ಅವನ ಶೆಡ್ಡಿನ ಮುಂದೆ ಜೀಪುಗಳು ಸಾಲಾಗಿ ನಿಲ್ಲುತ್ತಿದ್ದವು. ಅವನ ಹೆಂಡತಿ ನೀಲಾವತಿಯನ್ನು ಅಷ್ಟು ಮಂದಿ ಬಲ್ಲವರಲ್ಲ. ಶೆಡ್ಡಿನ ಹಿಂದೆಯೇ ಮನೆ, ಮನೆಯ ಹಿಂದೆ ಹಸಿರು ನೆಟ್ ಕಟ್ಟಿದ ಸಣ್ಣ ನರ್ಸರಿ. ಅಲ್ಲಿ ಅವಳು ಕರಿಮೆಣಸಿನ ಬಳ್ಳಿ ತುಂಡರಿಸಿ, ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳಿಗೆ ಊರಿ, ಬೇರು ಬಂದಮೇಲೆ ಮಾರುತ್ತಿದ್ದಳು. ಮಾತು ಕಡಿಮೆ. ಕರಿಕೆ ಕಡೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಹೇಗಿದ್ದಳೋ ನಲವತ್ತು ದಾಟಿದ ಮೇಲೂ ಹಾಗೇ ಇದ್ದಳು, ಗಿರಾಕಿ ಎರಡು ಪ್ರಶ್ನೆ ಕೇಳಿದರೆ ಒಂದಕ್ಕೆ ಉತ್ತರ ಕೊಡುವವಳು.

ಅವರ ಮನೆಗೆ ಸಮುದ್ರ ಬಂದದ್ದು ಸುನಿಲನಿಂದ. ಸುನಿಲನ ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ಸುನಿಲನಿಗೆ ಜಮೀನು ಹಿಡಿಸಲಿಲ್ಲ. ಬಿಟ್ಟಂಗಾಲದಲ್ಲಿ ಒಂದು ಹಳೆಯ ಬಂಗಲೆಯನ್ನು ಲೀಸಿಗೆ ಹಿಡಿದು ಹೋಮ್‌ಸ್ಟೇ ನಡೆಸುತ್ತಿದ್ದ. ಬಂದ ಗೆಸ್ಟುಗಳು ಬೆರಗಾಗಲಿ ಎಂದು ಹಾಲ್‌ನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದ. ಗುಡ್ಡದ ಮೇಲೆ ಸಮುದ್ರದ ಮೀನು! ಉಪ್ಪು ಹಿಡಿದು ಅದರ ಪಂಪು ಕೆಟ್ಟಾಗ ಕೂಸಪ್ಪನ ಹತ್ತಿರ ತಂದ. ಕೂಸಪ್ಪ ರಿಪೇರಿ ಮಾಡಿ, ಕೂರಿಸಿ ಕೊಡಲೆಂದು ಬಿಟ್ಟಂಗಾಲಕ್ಕೆ ಹೋದವನು ಸಂಜೆಯವರೆಗೂ ಗಾಜಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದನಂತೆ.

ಆಮೇಲೆ ಅವನೂ ಒಂದು ಕಟ್ಟಿದ. ಟೀವಿ ಇಡಲೆಂದು ಮಾಡಿಸಿದ್ದ ಸ್ಟ್ಯಾಂಡಿನ ಮೇಲೆ ಗಾಜಿನ ತೊಟ್ಟಿ ಬಂತು, ಟೀವಿ ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಹೋಯಿತು. ತೊಟ್ಟಿಯ ಕೆಳಗೆ ನೀರು ಸೋಸುವ ಪೆಟ್ಟಿಗೆ, ಅದರ ಮೇಲೆ ಬೆಳಕು ಬೀಳದ ಹಾಗೆ ಕಾಫಿ ಚೀಲದ ಗೋಣಿ. ನೀರು ಮೇಲಕ್ಕೆತ್ತುವ ಮೋಟಾರಿನ ತಂತಿಯನ್ನು ಅವನೇ ಸುತ್ತಿದ್ದ. ತೂತುತೂತಾದ ಸಮುದ್ರದ ಕಲ್ಲುಗಳನ್ನು ಸುನಿಲನ ಜೊತೆ ಕೊಚ್ಚಿಗೆ ಹೋಗಿ ಅಂಗಡಿಯಿಂದ ತಂದ. ಉಪ್ಪುನೀರಿಗೆ ಮಾತ್ರ ಇಬ್ಬರೂ ತಲಶ್ಶೇರಿ ಕಡಲಿಗೆ. ಮಾಕುಟ್ಟ ಘಾಟಿ ಇಳಿದು ಬೆಳಗಾಗುವ ಹೊತ್ತಿಗೆ ಅಲ್ಲಿರುತ್ತಿದ್ದರು. ಪಂಚೆ ಎತ್ತಿಕಟ್ಟಿ ಸೊಂಟದ ಮಟ್ಟ ನೀರಿಗೆ ಹೋಗಿ ಕ್ಯಾನು ತುಂಬಿಸಿ, ಮಧ್ಯಾಹ್ನದ ಊಟಕ್ಕೆ ವಾಪಸು. ಜೊತೆಗೆ ನೀಲಾವತಿಗೆಂದು ಬಾಳೆ ಎಲೆಯಲ್ಲಿ ಸುತ್ತಿದ ಮತ್ತಿ ಮೀನು.

"ಇದನ್ನು ಸಾರು ಮಾಡ್ಲಿಕ್ಕಾ, ಸಾಕ್ಲಿಕ್ಕಾ?" ಎಂದು ಅವಳು ಕೇಳುತ್ತಿದ್ದಳು.

ಅವಳಿಗೆ ಆ ತೊಟ್ಟಿ ಕಂಡರಾಗುತ್ತಿರಲಿಲ್ಲ. ನೆಲದಲ್ಲೆಲ್ಲ ಉಪ್ಪಿನ ಬಿಳಿ ಕಲೆ, ಹಾಲ್‌ನಲ್ಲಿ ಹಗಲೂ ರಾತ್ರಿ ಗುಂಯ್ ಅನ್ನುವ ಸದ್ದು. ಕೂಸಪ್ಪ ಶೆಡ್ಡಿನಿಂದ ಬಂದವನೇ ಕೈ ತೊಳೆದು ಅದರ ಮುಂದೆ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮಗಳು ಕವನಾಳೂ ಅಪ್ಪನ ಪಕ್ಷ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಜೋಡಿ ಮೀನು, ಒಂದು ನೀಲಿ ಮೀನು, ಕಲ್ಲಿನ ಸಂದಿಯಲ್ಲಿ ಮೀಸೆ ಮಾತ್ರ ತೋರಿಸುವ ಒಂದು ಸಿಗಡಿ. ಆ ಮನೆಯ ಸಂಸಾರ ಅವುಗಳನ್ನೂ ಸೇರಿಸಿಕೊಂಡು ನಡೆಯಿತು.

ಒಂದು ದಿನ ಗಾಜು ಒರೆಸುವಾಗ ನೀಲಾವತಿಗೆ ಕಲ್ಲಿನ ಅಡಿಯಲ್ಲಿ ಹಳದಿ ಬಣ್ಣದ ಏನೋ ಮೆತ್ತಿಕೊಂಡದ್ದು ಕಂಡಿತು. ಮೆಣಸಿನ ಬುಡಕ್ಕೆ ಬರುವ ಬೂಸ್ಟಿನ ಹಾಗಿತ್ತು. ಬೂಸ್ಟು ಕಂಡರೆ ಬಿಡುವವಳಲ್ಲ ಅವಳು. ಹಳೆಯ ಹಲ್ಲುಜ್ಜುವ ಬ್ರಷ್ ತಂದು ಕೈ ಒಳಗೆ ಹಾಕುವಷ್ಟರಲ್ಲಿ ಕೂಸಪ್ಪ ಓಡಿ ಬಂದ. ಮನೆಯೊಳಗೆ ಅವರದ್ದು ಅರೆಭಾಷೆ, ಉಂಟು ಎನ್ನಲು ಉಟ್ಟು ಎನ್ನುವ ಮಾತು.

"ಅದರ ಮುಟ್ಟಬೇಡ ನೀಲಾ, ಅದ್ಕೆ ಜೀವ ಉಟ್ಟು!"

"ಇದಕ್ಕಾ?"

ಅದು ಸ್ಪಂಜು, ಗಿಡವಲ್ಲ, ಬೂಸ್ಟಲ್ಲ, ಪ್ರಾಣಿ ಎಂದು ಅವನು ವಿವರಿಸಿದ. ಮೈತುಂಬ ಕಣ್ಣಿಗೆ ಕಾಣದ ತೂತು. ಅದರಲ್ಲಿ ನೀರು ಎಳೆದುಕೊಂಡು, ನೀರಿನಲ್ಲಿರುವ ಕೊಳೆ ತಿಂದು, ಚೊಕ್ಕ ನೀರನ್ನು ಹೊರಗೆ ಬಿಡುತ್ತದೆ. ನಾವು ತಂದು ಹಾಕಿದ್ದಲ್ಲ, ಕಲ್ಲಿನೊಳಗೆ ಅಡಗಿದ್ದದ್ದು ಜಾಗ ಹಿಡಿಸಿ ತಾನೇ ಎದ್ದು ಬಂದಿದೆ. ಕತ್ತಲಲ್ಲಿ ಬೆಳೆಯುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ತೊಟ್ಟಿ ಚೆನ್ನಾಗಿದೆ ಎಂದು ಹೇಳಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

"ಕಣ್ಣಿಲ್ಲ, ಬಾಯಿಲ್ಲ, ಪ್ರಾಣಿ ಅಂತೆ," ಎಂದು ನಕ್ಕು ಅವಳು ಒಲೆಯ ಮೇಲಿಟ್ಟ ಹಾಲು ನೋಡಲು ಹೋದಳು. ಅವನು ಇನ್ನೂ ಏನೋ ಹೇಳುತ್ತಿದ್ದ. ಅವಳು ಕೇಳಿಸಿಕೊಳ್ಳಲಿಲ್ಲ.

ಸುನಿಲನಿಗೆ ಈ ಹಳದಿ ಮೆತ್ತೆ ಸಾಲಲಿಲ್ಲ. ಸ್ಪಂಜು ಒಳ್ಳೆಯದಾದರೆ ಕಣ್ಣಿಗೆ ಕಾಣುವಂಥದ್ದೇ ಇರಲಿ ಎಂದು ಕೊಚ್ಚಿಯಿಂದ ಅಂಗೈಯಗಲದ ಕೆಂಪು ಸ್ಪಂಜು ತರಿಸಿದ. ದಾಸವಾಳದ ಕೆಂಪು. ಬಂದ ದಿನವೇ ಅದನ್ನು ನೀರಿನಿಂದ ಎತ್ತಿ ಹಿಡಿದು ಗೆಸ್ಟುಗಳ ಜೊತೆ ಫೋಟೊ ತೆಗೆಸಿಕೊಂಡ. ಕೂಸಪ್ಪನಿಗೆ ಆ ಫೋಟೊ ಕಳಿಸಿದಾಗ ಕೂಸಪ್ಪ ಫೋನು ಮಾಡಿ ಬೈದ.

"ಗಾಳಿಗೆ ಯಾಕೆ ಹಿಡಿದೆ ಮಾರಾಯ? ಒಳಗೆ ಗಾಳಿ ಹೊಕ್ಕರೆ ಅದು ಮತ್ತೆ ಬದುಕುವುದಿಲ್ಲ. ಅಲ್ಲ, ಅದಕ್ಕೆ ತಿನ್ನಲಿಕ್ಕೆ ಏನು ಕೊಡ್ತೀ? ತಾನೇ ಬಂದದ್ದು ಇದ್ದುದರಲ್ಲಿ ಬದುಕ್ತದೆ. ನೀನು ಅಂದಕ್ಕೆ ತಂದದ್ದು ಉಪವಾಸ ಸಾಯ್ತದೆ. ಸತ್ತದ್ದು ಗೊತ್ತಾಗುವಾಗ ಹೊತ್ತು ಮೀರಿರ್ತದೆ. ಈಗಲೇ ತೆಗೆದುಬಿಡು."

"ಅಣ್ಣಾ, ನಿಮ್ಗೆ ಎಲ್ಲದಕ್ಕೂ ಭಯ," ಎಂದ ಸುನಿಲ.

ಕೆಲವು ವಾರ ಕಳೆದವು. ಕೆಂಪಿನ ಮೇಲೆ ಬಿಳಿ ಪೊರೆ ಬಂತು, ಆಮೇಲೆ ಒಂದು ಬೆಳಗ್ಗೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಖಾಲಿ ಮಾಡಲು ಸಹಾಯಕ್ಕೆ ಕೂಸಪ್ಪನ ಜೊತೆ ನೀಲಾವತಿಯೂ ಹೋದಳು. ಬಂಗಲೆಯ ಗೇಟಿಗೇ ನಾತ ಹೊಡೆಯುತ್ತಿತ್ತು. ಮೀನುಗಳೆಲ್ಲ ಬೆಳ್ಳಗೆ ತೇಲುತ್ತಿದ್ದವು. ಬಕೆಟಿನಲ್ಲಿ ಮೊಗೆದು ಮೊಗೆದು ಕಾಫಿ ಗಿಡವಿಲ್ಲದ ಕಡೆ ಚೆಲ್ಲಿದರು. ಸುನಿಲ ಮೆಟ್ಟಿಲ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತ. ಅವನ ಹೆಂಡತಿ ಹರ್ಷಿತಾ ಗೆಸ್ಟುಗಳಿಗೆ ಏನೋ ಸಬೂಬು ಹೇಳುತ್ತಿದ್ದಳು. ಅವತ್ತಿನಿಂದ ಸುನಿಲನ ತೊಟ್ಟಿ ಖಾಲಿಯಾಗಿಯೇ ಇತ್ತು. ಗೋಣಿಕೊಪ್ಪಲಿಗೆ ಬಂದಾಗೆಲ್ಲ ಕೂಸಪ್ಪನ ತೊಟ್ಟಿಯ ಮುಂದೆ ನಿಂತು, "ನಿಮ್ಮ ಕೈಗುಣ ಅಣ್ಣಾ," ಎನ್ನುತ್ತಿದ್ದ. ನೀಲಾವತಿ ಕಾಫಿ ಕೊಡುತ್ತಿದ್ದಳು.

ಕೂಸಪ್ಪ ಹೋದದ್ದು ಜೂನ್ ತಿಂಗಳಲ್ಲಿ. ಕೆಸರಿನಲ್ಲಿ ಮುಳುಗಿದ್ದ ಯಾರದೋ ಪಂಪನ್ನು ಎತ್ತಲು ಹಳ್ಳಕ್ಕೆ ಇಳಿದಿದ್ದ. ಕಾಲಿನಲ್ಲಿ ಗೀರಿತ್ತು. ಜ್ವರ ಬಂದಾಗ ಮಳೆಗಾಲದ ಜ್ವರವೆಂದು ಮಾತ್ರೆ ನುಂಗಿದ. ಕಣ್ಣು ಹಳದಿಯಾದ ಮೇಲೆ ಮೈಸೂರಿಗೆ ಒಯ್ದರು. ಇಲಿ ಜ್ವರ ಅಂದರು, ಕಿಡ್ನಿಗೆ ಇಳಿದಿದೆ ಅಂದರು. ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಕವನಾ ಬಂದು ತಲುಪುವಾಗ ಅವನಿಗೆ ಮಾತಿರಲಿಲ್ಲ.

ಕಾರ್ಯಗಳೆಲ್ಲ ಮುಗಿದು, ನೆಂಟರು ಹೋಗಿ, ಕವನಾ ಪರೀಕ್ಷೆಗೆಂದು ಹೊರಟ ಮೇಲೆ ನೀಲಾವತಿಗೆ ಮನೆಯಲ್ಲಿ ಕೇಳಿಸಿದ್ದು ಆ ಮೋಟಾರಿನ ಸದ್ದೊಂದೇ. ಹಿಂದೆ ಅದನ್ನು ಬೈದುಕೊಂಡೇ ಇದ್ದವಳು. ಸ್ವಿಚ್ಚು ಆರಿಸಿಬಿಡೋಣವೆಂದು ಒಮ್ಮೆ ಎದ್ದು ಹೋದಳು. ಪಟ್ಟೆ ಮೀನುಗಳೆರಡೂ ಗಾಜಿಗೆ ಮೂತಿಯಿಟ್ಟು ಅವಳನ್ನೇ ನೋಡುತ್ತಿದ್ದವು. ಹಸಿದಿದ್ದವು, ಅಷ್ಟೆ. ಅವಳು ತಿಂಡಿಯ ಡಬ್ಬಿ ಹುಡುಕಿ ಒಂದು ಹಿಡಿ ಹಾಕಿದಳು. ಆರಿಸಲಿಲ್ಲ.

ಆ ಮಳೆಗಾಲ ಅವಳು ತೊಟ್ಟಿ ಕಾದಳು. ಕರೆಂಟು ಹೋಗುತ್ತಲೇ ಇತ್ತು. ಮರ ಬಿದ್ದು ಲೈನು ಹರಿದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಇನ್ವರ್ಟರ್ ಕೈಕೊಟ್ಟಾಗ ಸ್ಟೂಲು ಹಾಕಿ ಕೂತು ಚೊಂಬಿನಲ್ಲಿ ನೀರು ಮೊಗೆದು ಮೇಲಿನಿಂದ ಸುರಿಯುತ್ತಿದ್ದಳು, ಮೀನಿಗೆ ಉಸಿರಾಡಲೆಂದು. ಕೂಸಪ್ಪ ಹಾಗೆ ಮಾಡುತ್ತಿದ್ದದ್ದನ್ನು ನೋಡಿದ್ದಳು. ನೀರು ಕಡಿಮೆಯಾದರೆ ಎಷ್ಟು ಸಿಹಿನೀರು, ಎಷ್ಟು ಉಪ್ಪು ಎನ್ನುವುದನ್ನು ಮಗಳ ಹತ್ತಿರ ಫೋನಿನಲ್ಲಿ ಕೇಳಿಕೊಂಡಳು. ಹೊತ್ತಲ್ಲದ ಹೊತ್ತಿನಲ್ಲಿ ತಿಂಡಿ ಹಾಕುತ್ತಿದ್ದಳು, ಬೇಕಾದ್ದಕ್ಕಿಂತ ಜಾಸ್ತಿಯೇ. ಹಸಿದ ಜೀವ ಕಂಡರೆ ಬಡಿಸದೆ ಇರಲು ಅವಳಿಗೆ ಬರುತ್ತಿರಲಿಲ್ಲ. ಮೀನುಗಳು ಅವಳ ಬೆರಳಿಗೆ ಬಂದು ಮುತ್ತಿಕ್ಕಲು ಕಲಿತವು. ನರ್ಸರಿಯಿಂದ ಬಂದು ಕೈ ತೊಳೆದು ಅವಳೂ ಆ ಗಾಜಿನ ಮುಂದೆ ಕೂರತೊಡಗಿದಳು.

ಹಾಗೆ ಕೂತವಳಿಗೆ ಸ್ಪಂಜು ಹೆಚ್ಚಿದ್ದು ಕಂಡಿತು. ಕಲ್ಲಿನಡಿಯ ಹಳದಿ ಎಲ್ಲ ಸಂದಿಗೂ ಹಬ್ಬಿತ್ತು. ಗೋಣಿ ಎತ್ತಿ ನೋಡಿದರೆ ಕೆಳಗಿನ ಪೆಟ್ಟಿಗೆಯ ಗೋಡೆಯ ತುಂಬ ಬಿಳಿ, ಬೂದು, ಕಿತ್ತಳೆ ಮೆತ್ತೆಗಳು, ಅಲ್ಲಲ್ಲಿ ಅನಾನಸಿನ ಆಕಾರದ ಪುಟ್ಟ ಪುಟ್ಟ ಬಿಳಿ ಬುಗುಟು. ಅವಳಿಗೆ ದಿಗಿಲಾಯಿತು. ಸುನಿಲನ ತೊಟ್ಟಿಯ ನಾತ ಮೂಗಿಗೆ ಬಂದಂತಾಯಿತು. ತನ್ನ ಕೈಯಲ್ಲಿ ಇವೂ ಸಾಯುತ್ತವೆಯೋ ಏನೋ ಎಂದು ಸುನಿಲನಿಗೆ ಫೋನು ಮಾಡಿದಳು.

ಅವನು ಅವತ್ತೇ ಬಂದ. ಮೊದಲು ಕೂಸಪ್ಪನ ಫೋಟೊದ ಮುಂದೆ ಕೈಮುಗಿದು ನಿಂತ. ಆಮೇಲೆ ಮೊಣಕಾಲೂರಿ ಟಾರ್ಚು ಹಾಕಿ ಪೆಟ್ಟಿಗೆಯನ್ನು ನೋಡಿದ. ಒಂದೊಂದು ಮೆತ್ತೆಯ ಮೇಲೂ ಬೆಳಕು ಆಡಿಸಿದ.

"ಅತ್ತಿಗೆ, ಇದು ಒಳ್ಳೇದಲ್ಲ," ಎಂದ ಕೊನೆಗೆ.

"ಅವರು ಒಳ್ಳೇದು ಅಂತಿದ್ರಲ್ಲ?"

"ಚೂರುಪಾರು ಇದ್ರೆ ಒಳ್ಳೇದು. ಹಿಂಗೆ ಮಿತಿಮೀರಿ ಬಂದ್ರೆ ವಿಷ. ಅಣ್ಣ ಇದ್ದಿದ್ರೆ ಇಷ್ಟು ಬೆಳೆಯೋಕೆ ಬಿಡ್ತಿರ್ಲಿಲ್ಲ. ನನ್ನ ಟ್ಯಾಂಕ್ ಏನಾಯ್ತು ಅಂತ ನೀವೇ ಕಣ್ಣಾರೆ ನೋಡಿದ್ರಲ್ಲ?"

"ಹಾಗಾದ್ರೆ ಕೆರೆದು ಕೊಡಿ. ನಾನೂ ಕೈ ಹಾಕ್ತೇನೆ."

"ಕೆರೆದ್ರೆ ಇನ್ನೂ ಅಪಾಯ. ತುಂಡಾದ್ದು ನೀರಿಗೆ ವಿಷ ಬಿಡುತ್ತೆ. ಕಲ್ಲನ್ನೆಲ್ಲ ತೆಗೆದು ಕುದಿಸ್ಬೇಕು ಅತ್ತಿಗೆ, ಬೇರೆ ದಾರಿ ಇಲ್ಲ. ಮೀನನ್ನ ನಾನು ತಗೊಂಡೋಗಿ ಹೆಂಗಾದ್ರೂ ಮಾಡಿ ಉಳಿಸ್ಕೊಳ್ತೀನಿ. ಇಲ್ಲಿದ್ರೆ ಒಂದು ವಾರಾನೂ ಬದುಕಲ್ಲ."

ಅವಳು ಮೀನುಗಳನ್ನು ನೋಡಿದಳು. ಅವು ತಿಂಡಿಯ ಆಸೆಗೆ ಮೇಲೆ ಬಂದಿದ್ದವು.

"ನಾನು ಜಾಸ್ತಿ ತಿಂಡಿ ಹಾಕಿದ್ದಕ್ಕಾ?"

"ನಿಮ್ಮ ತಪ್ಪಲ್ಲ ಬಿಡಿ. ನಿಮ್ಗೆ ಹೆಂಗೆ ಗೊತ್ತಾಗ್ಬೇಕು."

ಮರುದಿನ ಸುನಿಲ ಪಿಕಪ್ ತಂದ. ಥರ್ಮಾಕೋಲ್ ಪೆಟ್ಟಿಗೆಗಳು, ಬಕೆಟುಗಳು, ಕ್ಯಾನುಗಳು. ಒಂದೊಂದೇ ಕಲ್ಲನ್ನು, ಬಕೆಟನ್ನು ತೊಟ್ಟಿಯೊಳಗೇ ಮುಳುಗಿಸಿ, ನೀರಿನಡಿಯಲ್ಲೇ ಅದರೊಳಗೆ ಇಳಿಸಿದ. ನೀಲಾವತಿ ಇನ್ನೊಂದು ಕಡೆ ಹಿಡಿದುಕೊಂಡಿದ್ದಳು. "ಮೆಲ್ಲಗೆ ಅತ್ತಿಗೆ, ಮೆಲ್ಲಗೆ. ಗಾಳಿ ಸೋಕಿಸ್ಬೇಡಿ," ಎನ್ನುತ್ತಿದ್ದ. ಗಂಡ ಮುಟ್ಟಿದ ವಸ್ತುಗಳೆಂದು ಎಷ್ಟು ಜೋಪಾನ ಮಾಡುತ್ತಾನೆ ಎಂದು ಅವಳಿಗೆ ಕಣ್ಣು ತುಂಬಿತು. ಮೀನು ಹೋಯಿತು, ಸಿಗಡಿ ಹೋಯಿತು, ಕೆಳಗಿನ ಪೆಟ್ಟಿಗೆ ನೀರಿನ ಸಮೇತ ಹೋಯಿತು. ಮೋಟಾರನ್ನೂ ಕೇಳಿದ. "ಮೀನಿಗೆ ಬೇಕಾಗುತ್ತೆ," ಎಂದ. ಕೊಟ್ಟಳು. ಗಾಜಿನ ತೊಟ್ಟಿಯೊಂದು ಉಳಿಯಿತು, ತಳದಲ್ಲಿ ಒಂದಿಷ್ಟು ಮರಳು.

ಭಾನುವಾರ ಕವನಾ ಫೋನು ಮಾಡಿದಾಗ ನೀಲಾವತಿ ಇದನ್ನು ಹೇಳಿದಳು.

"ಅಪ್ಪನ ಮೀನನ್ನು ಕೊಡುವ ಮೊದಲು ನನಗೊಂದು ಫೋನು ಮಾಡಬಾರದಿತ್ತಾ?"

"ಸಾಯ್ತಿತ್ತಂತೆ."

"ಯಾರು ಹೇಳಿದ್ದು?"

"ಸುನಿಲ."

"ಅವನ ತೊಟ್ಟಿ ಸತ್ತದ್ದು ಅವನು ತಂದ ಸ್ಪಂಜಿನಿಂದ. ನಮ್ಮದು ತಾನಾಗಿ ಬಂದದ್ದು. ಅಪ್ಪ ನಿನಗೆ ಎಷ್ಟು ಸಲ ಹೇಳಿದ್ರು. ನೀನು ಯಾವಾಗ ಅಪ್ಪನ ಮಾತು ಕೇಳಿದ್ದೆ?"

ಕವನಾ ಫೋನಿಟ್ಟಳು. ಆಮೇಲೆ ಮಾತಾಡಿದರೂ ಊಟ ಆಯಿತಾ, ಮಳೆ ಉಂಟಾ ಎನ್ನುವುದಕ್ಕಿಂತ ಮುಂದೆ ಹೋಗಲಿಲ್ಲ.

ಫೆಬ್ರವರಿಯಲ್ಲಿ ಹರ್ಷಿತಾಳಿಂದ ಆರ್ಡರ್ ಬಂತು. ವರಾಂಡದಲ್ಲಿ ಇಡಲು ಕುಂಡದ ಪೊದೆಮೆಣಸು ಬೇಕಂತೆ, ಗೆಸ್ಟುಗಳು ಕೈಯಾರೆ ಕಿತ್ತು ನೋಡಲು. ನೀಲಾವತಿ ಗೂಡ್ಸ್ ಆಟೋದಲ್ಲಿ ಗಿಡ ಹೇರಿಕೊಂಡು ಬಿಟ್ಟಂಗಾಲಕ್ಕೆ ಹೋದಳು. ಮೀನು ಏನಾದವೆಂದು ಕೇಳಲು ಅಷ್ಟು ದಿನ ಅವಳಿಗೆ ಧೈರ್ಯವಾಗಿರಲಿಲ್ಲ. ಸುನಿಲನೂ ಹೇಳಿರಲಿಲ್ಲ. ಕುಂಡ ಇಳಿಸುತ್ತಿರುವಾಗ ತೆರೆದ ಬಾಗಿಲಿನಿಂದ ಒಳಗಿನ ಹಾಲ್ ಕಂಡಿತು.

ಸುನಿಲನ ತೊಟ್ಟಿ ತುಂಬಿತ್ತು. ಪಟ್ಟೆ ಮೀನುಗಳೆರಡೂ ಇದ್ದವು, ದಪ್ಪಗಾಗಿದ್ದವು. ನೀಲಿ ಮೀನಿತ್ತು. ಕಲ್ಲುಗಳನ್ನು ಕೂಸಪ್ಪ ಜೋಡಿಸಿದ ಹಾಗೆಯೇ ಜೋಡಿಸಿತ್ತು, ಆ ಕಮಾನು, ಆ ಸಂದಿ, ಎಲ್ಲ. ಅಡಿಯಲ್ಲಿ ಹಳದಿ. ಕೆಳಗಿನ ಪೆಟ್ಟಿಗೆಗೆ ಗೋಣಿ ಇರಲಿಲ್ಲ. ಮುಂದೆ ಹೊಸ ಗಾಜು ಹಾಕಿ, ಒಳಗೆ ನೀಲಿ ಬಿಳಿ ಲೈಟು ಉರಿಸಿ, ಸ್ಪಂಜುಗಳೆಲ್ಲ ಕಾಣುವ ಹಾಗೆ ಮಾಡಿದ್ದ. ಬೆಂಗಳೂರಿನವರಿರಬೇಕು, ಒಂದು ಸಂಸಾರ ಅದರ ಮುಂದೆ ಬಗ್ಗಿ ನಿಂತಿತ್ತು.

"ಇದೇನು ಫಂಗಸ್ಸಾ?" ಎಂದು ಹೆಂಗಸು ಕೇಳಿದಳು.

"ಫಂಗಸ್ ಅಲ್ಲ ಮೇಡಂ, ಸ್ಪಂಜ್. ಜೀವಂತ ಪ್ರಾಣಿ," ಎಂದ ಸುನಿಲ. "ಇದನ್ನ ಯಾರೂ ತಂದು ಹಾಕೋಕಾಗಲ್ಲ, ತಾನಾಗೇ ಬರ್ಬೇಕು. ಇಷ್ಟು ಬಂದಿದೆ ಅಂದ್ರೆ ಟ್ಯಾಂಕು ಅಷ್ಟು ಹೆಲ್ದಿ ಅಂತ. ನೀರಿನ ಕೊಳೆಯೆಲ್ಲ ಇದೇ ತಿನ್ನುತ್ತೆ. ವರ್ಷಗಟ್ಟಲೆ ಸಾಕಿದ್ದು."

ನೀಲಾವತಿ ಕೈಯಲ್ಲಿದ್ದ ಕುಂಡವನ್ನು ಕೆಳಗಿಟ್ಟಳು. ಕುದಿಸಬೇಕಾದ ಕಲ್ಲನ್ನು ಗಾಳಿ ಸೋಕದ ಹಾಗೆ ಯಾಕೆ ಒಯ್ದ ಎನ್ನುವುದು ಅವಳಿಗೆ ಆಗ ಹೊಳೆಯಿತು. ಮಣ್ಣು ಕೈಯಲ್ಲೇ ಒಳಗೆ ಹೋದಳು.

"ಸುನಿಲ್, ಇದನ್ನು ಕುದಿಸ್ಬೇಕು ಅಂತ ಹೇಳಿದ್ರಲ್ಲ?"

ಅವನ ಮುಖ ಒಂದು ಕ್ಷಣ ಬಿಳಿಚಿತು. ಕೂಡಲೇ ನಕ್ಕ. "ಅರೆ, ಅತ್ತಿಗೆ! ಬನ್ನಿ ಬನ್ನಿ. ಹರ್ಷೂ, ಅತ್ತಿಗೆ ಬಂದಿದ್ದಾರೆ, ಕಾಫಿ ಮಾಡು."

"ವಿಷ ಅಂತ ಹೇಳಿದ್ರಿ. ಒಂದು ವಾರವೂ ಬದುಕುವುದಿಲ್ಲ ಅಂತ ಹೇಳಿದ್ರಿ."

ಗೆಸ್ಟುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುನಿಲ ಅವಳನ್ನು ಊಟದ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದ. ಹರ್ಷಿತಾ ಅಡುಗೆಮನೆಯಿಂದ ಬಂದು ನಿಂತಳು.

"ಏನಾಯ್ತಕ್ಕಾ?"

"ಈ ಮೀನನ್ನು ನಾನು ಯಾಕೆ ಕೊಟ್ಟೆ ಅಂತ ಇವರು ನಿಮಗೆ ಏನು ಹೇಳಿದ್ದಾರೆ?"

"ನಿಮ್ಗೆ ನೋಡಿದ್ರೆ ಅಣ್ಣನ ನೆನಪಾಗುತ್ತೆ, ಬೇಡ ಅಂದ್ರಿ ಅಂತ..." ಹರ್ಷಿತಾ ಗಂಡನ ಕಡೆ ತಿರುಗಿದಳು. ಅವನು ಅವಳನ್ನು ನೋಡಲಿಲ್ಲ.

"ಅತ್ತಿಗೆ, ಹೇಳ್ತೀನಿ ಕೇಳಿ," ಎಂದ. "ನಿಮ್ಮ ಹತ್ರ ಇದ್ದಿದ್ರೆ ಮುಂದಿನ ಮಳೆಗಾಲಕ್ಕೆ ಎಲ್ಲ ಹೋಗ್ತಿತ್ತು. ಚೊಂಬಲ್ಲಿ ನೀರು ಹಾಕಿ ಎಷ್ಟು ದಿನ ಸಾಕ್ತೀರಿ? ಇಲ್ಲಿ ಜನರೇಟರ್ ಇದೆ. ನೀರು ತರೋಕೆ ಗಾಡಿ ಇದೆ. ಅಣ್ಣ ಮಾಡಿಟ್ಟಿದ್ದು ಉಳೀಲಿ ಅಂತ ನಾನು ತಂದೆ. ಉಳಿದಿದೆಯೋ ಇಲ್ವೋ, ನೀವೇ ನೋಡಿ."

"ಕೇಳಬಹುದಿತ್ತು."

"ಕೇಳಿದ್ರೆ ನೀವು ಕೊಡ್ತಿರ್ಲಿಲ್ಲ."

"ಕೊಡ್ತಿದ್ದೆನೋ ಏನೋ. ನೀವು ಕೇಳಲಿಲ್ಲವಲ್ಲ."

ಅವನಿಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು. "ಬೇಕಾದ್ರೆ ಈಗ್ಲೇ ತಗೊಂಡೋಗಿ. ಎಲ್ಲಿಡ್ತೀರಿ?"

ಮನೆಯ ತೊಟ್ಟಿಯನ್ನು ಗುಜರಿಯವನು ಒಯ್ದು ತಿಂಗಳಾಗಿತ್ತು. ಹೋಗುವಾಗ ಮತ್ತೊಮ್ಮೆ ಹಾಲ್ ದಾಟಬೇಕಿತ್ತು. ಪಟ್ಟೆ ಮೀನುಗಳು ಅವಳನ್ನು ಗುರುತಿಸಿದವೋ, ಯಾರು ಬಂದರೂ ಹಾಗೆಯೋ, ಗಾಜಿನ ಹತ್ತಿರ ಬಂದವು. ಅವಳ ಕಣ್ಣು ಕೆಳಗಿನ ಪೆಟ್ಟಿಗೆಯ ಲೈಟಿನ ಮೇಲೆ ಬಿತ್ತು. ಸ್ಪಂಜಿನ ಅಂಚಿನಲ್ಲಿ ತೆಳ್ಳಗೆ ಹಸಿರು ಪಾಚಿ ಹಿಡಿಯತೊಡಗಿತ್ತು. ಕೂಸಪ್ಪ ಆ ಪೆಟ್ಟಿಗೆಯ ಗೋಣಿಯನ್ನು ಯಾರು ಎತ್ತಿದರೂ ಗದರುತ್ತಿದ್ದ. ಬೆಳಕು ಬಿದ್ದರೆ ಪಾಚಿ, ಪಾಚಿ ಮುಚ್ಚಿದರೆ ಸ್ಪಂಜಿಗೆ ಉಸಿರಿಲ್ಲ, ಎನ್ನುತ್ತಿದ್ದ. ಆ ಮಾತು ಹೇಗೋ ಅವಳ ಕಿವಿಯಲ್ಲಿ ಉಳಿದಿತ್ತು. ಹೇಳಲು ಬಾಯಿ ತೆರೆದಳು. ಸುನಿಲ ಆಗಲೇ ಗೆಸ್ಟುಗಳಿಗೆ, "ನಮ್ಮ ಸಂಬಂಧಿಕರು, ಸ್ವಲ್ಪ ಮನಸ್ಸಿಗೆ ಬೇಜಾರು ಮಾಡ್ಕೊಂಡಿದ್ದಾರೆ," ಎಂದು ಮೆಲ್ಲಗೆ ಹೇಳುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದಳು.

ಊರಿನಲ್ಲಿ ಹೇಳಿದಳು. ಕೂಸಪ್ಪನ ದಾಯಾದಿ ಒಬ್ಬರು ಪೂರ್ತಿ ಕೇಳಿ, "ನೀನೇ ಕೊಟ್ಟದ್ದಲ್ಲವಾ? ಎರಡು ಮೀನಿಗೆ ಪೊಲೀಸ್ ಕಂಪ್ಲೇಂಟು ಕೊಡ್ಲಿಕ್ಕೆ ಆಗ್ತದಾ?" ಎಂದು ನಕ್ಕರು. ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದ ನವೀನ್, "ಒಳ್ಳೇದೇ ಆಯ್ತು ಬಿಡಿ ಅಕ್ಕಾ, ತಲೆನೋವು ಹೋಯ್ತು," ಎಂದ. ಯಾರದೂ ಕೆಟ್ಟ ಮನಸ್ಸಲ್ಲ. ಚಿನ್ನ ಹೋಗಿದ್ದರೆ ಮೋಸ ಎನ್ನುತ್ತಿದ್ದರು, ಕಲ್ಲಿನಡಿಯ ಹಳದಿ ಮೆತ್ತೆ ಹೋದರೆ ಅದಕ್ಕೆ ಏನೆನ್ನುವುದೆಂದು ಅವರಿಗೆ ಗೊತ್ತಿರಲಿಲ್ಲ. ಅವಳು ಹೇಳುವುದನ್ನು ನಿಲ್ಲಿಸಿದಳು.

ಮುಂಗಾರು ಹಿಡಿಯುವ ಮೊದಲು, ಒಂದು ಮಧ್ಯಾಹ್ನ ಚೀಲಗಳಿಗೆ ಮಣ್ಣು ತುಂಬುತ್ತಿದ್ದಾಗ ಹರ್ಷಿತಾಳ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಅಕ್ಕಾ, ಅವರಿಗೆ ಹೇಳದೆ ಮಾಡ್ತಿದ್ದೀನಿ. ಸ್ಪಂಜೆಲ್ಲ ಹಸಿರು ಮುಚ್ಕೊಂಡು ಬೂದಿ ಬಣ್ಣ ಆಗ್ತಿದೆ. ಇವರು ಹುಡುಗರ ಕೈಲಿ ಬ್ರಷ್ ಹಾಕಿ ಉಜ್ಜಿಸಿದ್ರು. ಈಗ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ಕೂಸಪ್ಪಣ್ಣ ಹಿಂಗಾದ್ರೆ ಏನು ಮಾಡ್ತಿದ್ರು? ನಿಮ್ಗೆ ಏನಾದ್ರೂ ನೆನಪಿದ್ಯಾ?"

ನೆನಪಿತ್ತು. ಲೈಟು ಆರಿಸು, ಗೋಣಿ ಹೊದಿಸು, ಉಜ್ಜಬೇಡ, ಸತ್ತದ್ದನ್ನು ತೆಗೆದು ಅರ್ಧ ನೀರು ಬದಲಿಸು. ನಾಲಿಗೆಯ ತುದಿಯಲ್ಲಿತ್ತು.

"ನನಗೆ ಅದೆಲ್ಲ ಎಲ್ಲಿ ಗೊತ್ತಮ್ಮ," ಎಂದಳು. "ನಿಮ್ಮ ಯಜಮಾನರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರ್ತದಾ?"

"ಸರಿ ಅಕ್ಕಾ," ಎಂದು ಹರ್ಷಿತಾ ಫೋನಿಟ್ಟಳು.

ನೀಲಾವತಿ ಮತ್ತೆ ಮಣ್ಣು ತುಂಬಿದಳು. ಎಷ್ಟು ತುಂಬಿದಳೆಂದರೆ ಆ ಸಾಲಿಗೆ ಬೇಕಾದ್ದಕ್ಕಿಂತ ಹೆಚ್ಚು ಚೀಲಗಳಾದವು. ಸಂಜೆ ಫೋನು ಕೈಗೆತ್ತಿಕೊಂಡು ಹರ್ಷಿತಾಳ ಹೆಸರಿನವರೆಗೆ ಹೋದಳು. ಗೆಸ್ಟುಗಳ ಮುಂದೆ ಸುನಿಲ ಹೇಳಿದ ಮಾತು ನೆನಪಾಗಿ ಇಟ್ಟಳು. ಬೆಳಗ್ಗೆ ಎದ್ದವಳೇ ಫೋನು ಮಾಡಿದಳು. ಆ ಕಡೆ ಎತ್ತಲಿಲ್ಲ. ತಿಂಡಿ ಹೊತ್ತಿಗೆ ಹರ್ಷಿತಾಳ ಮೆಸೇಜು ಬಂತು: "ಎಲ್ಲಾ ಹೋಯ್ತು ಅಕ್ಕಾ." ಜೊತೆಗೊಂದು ಫೋಟೊ. ನೀಲಾವತಿ ಅದನ್ನು ದೊಡ್ಡದು ಮಾಡಿ ನೋಡಲಿಲ್ಲ. ನೋಡದೆಯೇ ಬಕೆಟಿನಲ್ಲಿ ಕಿತ್ತಳೆ ಬಣ್ಣವಿರುವುದು ಕಾಣುತ್ತಿತ್ತು.

ಸುನಿಲನಿಗೆ ನಷ್ಟವೇನೂ ಆದಂತಿರಲಿಲ್ಲ. ಕೆಲವು ದಿನಗಳಲ್ಲೇ ಆ ತೊಟ್ಟಿಗೆ ಸಿಹಿನೀರು ತುಂಬಿ ಸಂತೆಯಲ್ಲಿ ಸಿಗುವ ಚಿನ್ನದ ಬಣ್ಣದ ಮೀನು ಬಿಟ್ಟನಂತೆ. ಗೆಸ್ಟುಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಇದನ್ನು ಹೇಳಿದವನು ಗಿಡ ಒಯ್ಯುವ ಆಟೋದವನು.

ಕವನಾ ರಜೆಗೆ ಬಂದಾಗ ಇಬ್ಬರೂ ನರ್ಸರಿಯಲ್ಲಿ ಕೂತು ಬಳ್ಳಿ ಕತ್ತರಿಸುತ್ತಿದ್ದರು. ನೀಲಾವತಿ ಎಲ್ಲವನ್ನೂ ಹೇಳಿದಳು: ಹೋಮ್‌ಸ್ಟೇಯಲ್ಲಿ ಕಂಡದ್ದು, ಲೈಟು, ಹರ್ಷಿತಾಳ ಫೋನು, ತಾನು ಕೊಟ್ಟ ಉತ್ತರ. ಹೇಳುತ್ತಾ ಹೇಳುತ್ತಾ ಕತ್ತರಿ ನಿಂತಿತು.

"ನಾನು ಒಂದು ಮಾತು ಹೇಳಿದ್ದರೆ ಉಳೀತಿತ್ತೇನೋ. ಆ ಹುಡುಗಿ ಪಾಪ, ಏನೂ ಮಾಡಿರಲಿಲ್ಲ. ಮೀನೂ ಏನೂ ಮಾಡಿರಲಿಲ್ಲ."

ಹೇಳಿ ಮಗಳ ಮುಖ ನೋಡಿದಳು. ಅಪ್ಪನ ಮೀನನ್ನು ಎರಡನೇ ಸಲವೂ ಕೈಬಿಟ್ಟೆಯಲ್ಲ ಎಂದು ಬೈಯುತ್ತಾಳೆ, ಬೈದರೆ ಅತ್ತುಬಿಡಬಹುದು ಎಂದು ಕಾದಳು.

ಕವನಾ ಬಳ್ಳಿಯ ಗಿಣ್ಣು ನೋಡಿ ಕಚಕ್ಕನೆ ಕತ್ತರಿಸಿದಳು. ತಲೆ ಎತ್ತಲಿಲ್ಲ.

"ಹೇಳದೆ ಇದ್ದದ್ದು ಒಳ್ಳೇದಾಯ್ತು," ಎಂದಳು. "ಅವರಿಗೆ ಹಾಗೇ ಆಗಬೇಕು."

ಹರ್ಷಿತಾಳಿಗೆ ಫೋನಿನಲ್ಲಿ ಉತ್ತರ ಕೊಟ್ಟ ತನ್ನದೇ ದನಿ ಕೇಳಿದಂತಾಗಿ ನೀಲಾವತಿ ಮಗಳ ಬಗ್ಗಿದ ತಲೆಯನ್ನೇ ನೋಡುತ್ತಾ ಕೂತಿದ್ದಳು.